ಡಿಕ್ಕಿಗೆ ಸಬ್‌ವೂಫರ್ ಬಾಕ್ಸ್: ಸೀಲ್ಡ್ ಮಾಡಿಸಬೇಕೋ, ಪೋರ್ಟೆಡ್ಡೋ?

ಮೊದಲೇ ಹೇಳಿಬಿಡುತ್ತೇನೆ, ದಿನಾ ಓಡಿಸುವ ಸಣ್ಣ ಸೆಡಾನಿಗೆ ನನ್ನ ಆಯ್ಕೆ ಸೀಲ್ಡ್ ಬಾಕ್ಸ್. ಸಬ್‌ವೂಫರ್ ಅಂದರೆ ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್. ಅದರ ಬಾಕ್ಸ್ ಗಾಳಿಯಾಡದಂತೆ ಪೂರ್ತಿ ಮುಚ್ಚಿದ್ದರೆ ಸೀಲ್ಡ್, ಗಾಳಿ ಓಡಾಡಲು ಕೊಳವೆಯಂಥ ದಾರಿ (ಪೋರ್ಟ್) ಬಿಟ್ಟಿದ್ದರೆ ಪೋರ್ಟೆಡ್. 12 ಇಂಚಿನ ಒಂದೇ ಸಬ್‌ವೂಫರ್, 300 ವಾಟ್ ಆರ್‌ಎಂಎಸ್‌ನ (ನಿರಂತರವಾಗಿ ಕೊಡಬಲ್ಲ ಶಕ್ತಿ) ಒಂದೇ ಆಂಪ್ಲಿಫೈಯರ್ ಇಟ್ಟುಕೊಂಡು ರೆಡಿಮೇಡ್, ಪೋರ್ಟೆಡ್, ಸೀಲ್ಡ್ ಮೂರನ್ನೂ ಬಳಸಿ ನೋಡಿದ ಮೇಲೆ ಬರೆಯುತ್ತಿರುವುದು.

ರೆಡಿಮೇಡ್ ಬಾಕ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ಪೆಟ್ ಕಿತ್ತು ನೋಡಿದರೆ ತೆಳ್ಳನೆಯ ಪಾರ್ಟಿಕಲ್ ಬೋರ್ಡ್, ಸ್ಟೇಪಲ್ ಹೊಡೆದ ಮೂಲೆಗಳು, ವೈರ್ ಸಿಕ್ಕಿಸುವ ಟರ್ಮಿನಲ್ ಸುತ್ತ ಗಾಳಿ ಸೋರಿಕೆ. ನಿಮ್ಮ ಸಬ್‌ವೂಫರ್‌ಗೆ ಎಷ್ಟು ಲೀಟರ್ ಬೇಕು ಎಂಬುದು ಆ ಬಾಕ್ಸ್ ಮಾಡಿದವರಿಗೆ ಗೊತ್ತಿರುವುದೂ ಇಲ್ಲ.

ಸದ್ದಿನಲ್ಲಿ ಪೋರ್ಟೆಡ್ ಮುಂದು, ಇದನ್ನು ಒಪ್ಪಲೇಬೇಕು. ಪೋರ್ಟಿನ ಅಳತೆಯಿಂದ ಟ್ಯೂನ್ ಮಾಡಿದ ಫ್ರೀಕ್ವೆನ್ಸಿಯ (ಸ್ವರದ ಕಂಪನ ಸಂಖ್ಯೆ, ಹರ್ಟ್ಸ್‌ನಲ್ಲಿ) ಆಸುಪಾಸಿನಲ್ಲಿ ಅಷ್ಟೇ ವಾಟಿಗೆ ಎದ್ದು ಕಾಣುವಷ್ಟು ಜೋರು. ಆದರೆ ಅದರಿಂದ ಕೆಳಗಿಳಿದರೆ ಆಕ್ಟೇವ್‌ಗೆ (ಫ್ರೀಕ್ವೆನ್ಸಿ ಅರ್ಧವಾದಾಗಲೆಲ್ಲ) 24 ಡೆಸಿಬೆಲ್‌ನಂತೆ ಸದ್ದು ಬಿದ್ದುಹೋಗುತ್ತದೆ. ಅಲ್ಲಿ ಕೋನಿಗೆ (ಸ್ಪೀಕರಿನ ಮುಂದೆ ಅದುರುವ ಭಾಗ) ಗಾಳಿಯ ತಡೆಯೂ ಇರುವುದಿಲ್ಲ, ತೀರ ತಗ್ಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಹಾಕದಿದ್ದರೆ ಅದರ ಹಿಂದಿನ ಕಾಯಿಲ್ ಬಡಿದು ಹಾಳಾಗಬಹುದು. ಸೀಲ್ಡ್ ಬಾಕ್ಸಿನಲ್ಲಿ ಈ ಇಳಿತ 12 ಡೆಸಿಬೆಲ್ ಮಾತ್ರ. ಕಿಟಕಿ ಮುಚ್ಚಿದ ಕಾರಿನ ಒಳಭಾಗ ತಗ್ಗಿನ ಸ್ವರಗಳನ್ನು ತಾನಾಗಿಯೇ ಎತ್ತಿಕೊಡುವುದರಿಂದ ಈ ಇಳಿತ ಬಹುಮಟ್ಟಿಗೆ ಸರಿಹೋಗುತ್ತದೆ. ಮೃದಂಗದ ಎಡಭಾಗದ ಗುಂಕಿ ಸೀಲ್ಡ್‌ನಲ್ಲಿ ಬಿಡಿಬಿಡಿಯಾಗಿ ಕೇಳುತ್ತದೆ. ಪೋರ್ಟೆಡ್‌ನಲ್ಲಿ ಒಂದು ಪೆಟ್ಟಿನ ಬಾಲ ಇನ್ನೊಂದರ ಮೇಲೆ ಬೀಳುತ್ತದೆ. ಡಿಜೆ ಹಾಡುಗಳಿಗೆ ಮಾತ್ರ ಪೋರ್ಟೆಡ್ಡೇ ಸರಿ.

ಈಗ ನಿಜವಾದ ತಲೆನೋವಿಗೆ ಬರೋಣ, ಸ್ಟೆಪ್ನಿ. ಡಿಸೈರ್‌ನಂಥ ಕಾರಿನ ಡಿಕ್ಕಿ 380 ಲೀಟರ್ ಆಸುಪಾಸು, ಸ್ಟೆಪ್ನಿ ಅದರ ನೆಲದಡಿಯಲ್ಲಿ. ಪಂಕ್ಚರ್ ಆದಾಗಲೆಲ್ಲ ಬಾಕ್ಸ್ ಹೊರಗೆ ಬರಲೇಬೇಕು. ಪೋರ್ಟೆಡ್ ಬಾಕ್ಸಿನ ಲೆಕ್ಕ ನೋಡಿ. ಬೇಕಾಗಿದ್ದು 50 ಲೀಟರ್. 33 ಹರ್ಟ್ಸ್‌ಗೆ ಟ್ಯೂನ್ ಮಾಡಲು 5 ಸೆಂ.ಮೀ. ಅಗಲ, 33 ಸೆಂ.ಮೀ. ಎತ್ತರದ ಸ್ಲಾಟ್ ಪೋರ್ಟ್ ಸುಮಾರು 80 ಸೆಂ.ಮೀ. ಉದ್ದವಿರಬೇಕು. ಆ ಪೋರ್ಟೇ 13 ಲೀಟರ್ ತಿನ್ನುತ್ತದೆ, ಅದರ ಹಲಗೆ ಇನ್ನೂ 5 ಲೀಟರ್, ಸಬ್‌ವೂಫರಿನ ಮೈ ಸುಮಾರು 3 ಲೀಟರ್. ಎಲ್ಲ ಸೇರಿ ಒಳಗಡೆ 71 ಲೀಟರ್, ಹೊರ ಅಳತೆಯಲ್ಲಿ 90ಕ್ಕೂ ಮೇಲೆ. ಅಲ್ಲಿಗೆ ಡಿಕ್ಕಿಯ ಕಾಲುಭಾಗ ಹೋಯಿತು. 18 ಎಂಎಂ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಸಬ್‌ವೂಫರ್ ಸಮೇತ ತೂಕ 27 ಕೆಜಿ ಹತ್ತಿರ.

ರಸ್ತೆ ಪಕ್ಕದಲ್ಲಿ, ಮಳೆಯಲ್ಲಿ, ಡಿಕ್ಕಿಯ ಹೊಸ್ತಿಲ ಮೇಲಿಂದ ಬಗ್ಗಿ ಅದನ್ನು ಎತ್ತುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಅದಕ್ಕೂ ಮೊದಲು ಇನ್ನೊಂದು ತೊಡಕಿದೆ. ಡಿಕ್ಕಿಯ ಒಳ ಅಳತೆಗೆ ಸರಿಯಾಗಿ ಮಾಡಿಸಿದ ಬಾಕ್ಸ್ ಡಿಕ್ಕಿಯ ಬಾಯಲ್ಲಿ ಹಿಡಿಸುವುದಿಲ್ಲ. ಹೇಗೋ ಓರೆ ಮಾಡಿ ತುರುಕಿದರೆ ಮುಚ್ಚಳ ಹಾಕುವಾಗ ಬಾಗಿದ ಹಿಂಜ್ ಕೆಳಗಿಳಿದು ಬಾಕ್ಸಿನ ಮೂಲೆಗೆ ತಾಗುತ್ತದೆ. ಆದ್ದರಿಂದ ಮರ ಕೊಯ್ಯಿಸುವ ಮುಂಚೆ ರಟ್ಟಿನಲ್ಲಿ ಅದೇ ಅಳತೆಯ ಪೆಟ್ಟಿಗೆ ಮಾಡಿ, ಒಳಗಿಟ್ಟು, ಮುಚ್ಚಳ ಪೂರ್ತಿ ಹಾಕಿ ನೋಡಿ.

ಸೀಲ್ಡ್ ಬಾಕ್ಸ್ ಹೊರ ಅಳತೆಯಲ್ಲಿ 45 ಲೀಟರ್, ತೂಕ 17 ಕೆಜಿ ಒಳಗೆ. ಒಂದು ಪಕ್ಕಕ್ಕೆ ಸರಿಸಿ ಕೂರಿಸಬಹುದು. ನೆಲದ ಹಲಗೆಗೆ ಎರಡು ಎಲ್-ಕ್ಲಾಂಪ್, ಚಿಟ್ಟೆ ನಟ್, ವೈರಿಗೆ ಎಳೆದರೆ ಬಿಚ್ಚುವ ಕನೆಕ್ಟರ್ ಹಾಕಿಸಿದರೆ ಸ್ಪ್ಯಾನರ್ ಹುಡುಕುವ ಕೆಲಸವೇ ಇಲ್ಲ. ಬಾಕ್ಸನ್ನು ಕಟ್ಟದೆ ಸುಮ್ಮನೆ ಮಾತ್ರ ಇಡಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ ಅದು ಹಿಂದಿನ ಸೀಟಿಗೆ ಬಂದು ಗುದ್ದುತ್ತದೆ.

ಮರಗೆಲಸದ ವಿಚಾರ. ಸೀಲ್ಡ್‌ಗೆ 4×4 ಅಡಿಯ ಅರ್ಧ ಶೀಟ್ ಸಾಕು, ಪೋರ್ಟೆಡ್‌ಗೆ ಅರ್ಧ ಶೀಟ್ ದಾಟುತ್ತದೆ. ಪೋರ್ಟಿನ ತಿರುವಿನಲ್ಲಿ ಉದ್ದವನ್ನು ನಡುಗೆರೆಯಲ್ಲೇ ಅಳೆಯಬೇಕು. ಕಾರ್ಪೆಂಟರ್ ಹೊರ ಅಂಚಿಗೆ ಟೇಪ್ ಹಿಡಿದು 10 ಸೆಂ.ಮೀ. ಕಡಿಮೆ ಮಾಡಿದರೆ 33 ಹರ್ಟ್ಸ್ 35 ಆಗುತ್ತದೆ. ಅಂಟಿಸಿದ ಮೇಲೆ ತಿದ್ದಲು ದಾರಿಯಿಲ್ಲ.

ಸೀಲ್ಡ್‌ನಲ್ಲಿ ಅಳತೆ ಒಂದಿಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ಸೋರಿಕೆ ಮಾತ್ರ ಇರಬಾರದು. ಎಂಡಿಎಫ್‌ನ ಅಂಚಿಗೆ ನೇರ ಸ್ಕ್ರೂ ಹೊಡೆದರೆ ಸೀಳುತ್ತದೆ. 3 ಎಂಎಂ ಬಿಟ್‌ನಲ್ಲಿ ತೂತು ಹಾಕಿ, ಫೆವಿಕಾಲ್ ಧಾರಾಳವಾಗಿ ಸುರಿದು, 2 ಇಂಚಿನ ಜಿಪ್ಸಮ್ ಸ್ಕ್ರೂಗಳನ್ನು 4–5 ಇಂಚಿಗೊಂದರಂತೆ ಬಿಗಿಸಿ. ಒಳಮೂಲೆಗಳಿಗೆ ಸಿಲಿಕೋನ್ ಎಳೆದು ಒಂದು ದಿನ ತೆರೆದಿಡಿ. ಹುಳಿ ವಾಸನೆಯ ಸಿಲಿಕೋನ್‌ನಿಂದ ಏಳುವ ಆವಿ ಕೋನಿನ ಅಂಚಿಗೂ ಅಂಟಿಗೂ ಒಳ್ಳೆಯದಲ್ಲ, ವಾಸನೆ ಹೋಗುವವರೆಗೆ ಸಬ್‌ವೂಫರ್ ಕೂರಿಸಬೇಡಿ. ಕೂರಿಸಲು ಟಿ-ನಟ್ (ಹಲಗೆಯ ಒಳಬದಿಗೆ ಕಚ್ಚಿಕೊಳ್ಳುವ ನಟ್) ಬಳಸಿ, ಮರದ ಸ್ಕ್ರೂ ಎರಡು ಸಲ ಬಿಚ್ಚಿದರೆ ಎಂಡಿಎಫ್‌ನಲ್ಲಿ ಹಿಡಿತ ಬಿಡುತ್ತದೆ. ಎಲ್ಲ ಮುಗಿದ ಮೇಲೆ 30 ಹರ್ಟ್ಸ್ ಟೋನ್ ಹಾಕಿ ಊದುಬತ್ತಿಯನ್ನು ಮೂಲೆಗಳ ಉದ್ದಕ್ಕೂ ನಿಧಾನವಾಗಿ ಒಯ್ಯಿರಿ. ಹೊಗೆ ನಡುಗಿದ ಜಾಗದಲ್ಲಿ ಸೋರಿಕೆ ಇದೆ. ಹೆಚ್ಚಿನ ಸಲ ಸಿಗುವುದು ಟರ್ಮಿನಲ್ ಕಪ್ಪಿನ ಹಿಂದೆ.

ಮಂಗಳೂರು, ಉಡುಪಿ ಕಡೆಯವರು ಎಂಡಿಎಫ್ ಬಿಟ್ಟು ಐಎಸ್ 710 ಗುರುತಿನ (ನೀರು ತಡೆಯುವ ಮೆರೈನ್) ಪ್ಲೈವುಡ್ ತೆಗೆದುಕೊಳ್ಳಿ. ಡಿಕ್ಕಿಯ ರಬ್ಬರ್ ಸ್ವಲ್ಪ ಹರಿದಿದ್ದರೂ ಒಂದು ಮಳೆಗಾಲದಲ್ಲಿ ಎಂಡಿಎಫ್‌ನ ಅಂಚು ಊದಿಕೊಳ್ಳುತ್ತದೆ.

ಇನ್ನೋವಾದಂತೆ ಸ್ಟೆಪ್ನಿ ಗಾಡಿಯ ಹೊಟ್ಟೆಯಡಿ ನೇತಾಡುವ ಕಾರಿದ್ದು, ಜೋರು ಸದ್ದೇ ಬೇಕೆಂದರೆ ಪೋರ್ಟೆಡ್ ಮಾಡಿಸಿ, ಬೇಡವೆನ್ನುವುದಿಲ್ಲ. ಸಿಎನ್‌ಜಿ ಸಿಲಿಂಡರ್ ಇದ್ದರೆ ಎರಡೂ ಬೇಡ, ಸೀಟಿನಡಿಯ ಆಕ್ಟಿವ್ (ಆಂಪ್ಲಿಫೈಯರ್ ಒಳಗೇ ಇರುವ) ಸಬ್‌ವೂಫರ್ ನೋಡಿ. ಉಳಿದವರು ಸೀಲ್ಡ್‌ಗೆ 18 ಎಂಎಂ ಹಲಗೆಯಲ್ಲಿ ಹೀಗೆ ಕೊಯ್ಯಿಸಿ: ಮುಂದೆ ಹಿಂದೆಗೆ 496×366 ಎಂಎಂ ಎರಡು, ಮೇಲೆ ಕೆಳಗೆ 496×215 ಎರಡು, ಪಕ್ಕಗಳಿಗೆ 330×215 ಎರಡು. ಒಳಗೆ 32 ಲೀಟರ್ ಚಿಲ್ಲರೆ ಸಿಗುತ್ತದೆ, ಸಬ್‌ವೂಫರ್ ಕಳೆದರೆ ಒಂದು ಘನ ಅಡಿಗಿಂತ ತುಸು ಹೆಚ್ಚು. ನಿಮ್ಮ ಸಬ್‌ವೂಫರ್ ಜೊತೆ ಬಂದ ಹಾಳೆಯಲ್ಲಿ ಇನ್ನೂ ಹೆಚ್ಚು ಕೇಳಿದ್ದರೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ 400 ಗ್ರಾಂನಷ್ಟು ಸಡಿಲವಾಗಿ ತುಂಬಿ, ಮ್ಯಾಗ್ನೆಟ್ಟಿನ ಹಿಂದಿನ ಗಾಳಿ ತೂತು ಮುಚ್ಚದಂತೆ.