‘ಫ್ರೀ ಸೈಜ್’ ಅಂತ ನಂಬಿ ತಂದ ಜಾಕೆಟ್, ನಮ್ಮ ಅಣ್ಣನ ಕೈ ಮುರಿಸಿತು

ರಸ್ತೆ ಕೆಲಸ, ಮರ ತೆರವು, ಕರೆಂಟ್ ಲೈನ್ ಕೆಲಸ, ಯಾವುದೇ ಇರಲಿ, ಕತ್ತಲಲ್ಲಿ ರಸ್ತೆ ಮೇಲೆ ನಿಲ್ಲುವವರಿಗೆ ರೇಡಿಯಂ ಜಾಕೆಟ್ ಕೊಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಗ್ಯಾಂಗಿನಲ್ಲಿ ದಪ್ಪ ಮೈಯವರು ಒಬ್ಬರಿದ್ದರೂ ಸಾಕು, ಓದಲೇಬೇಕು.

ನಾನು ಶಿವಮೊಗ್ಗದಲ್ಲಿ ಒಬ್ಬ ಕಂಟ್ರಾಕ್ಟರ್ ಹತ್ತಿರ ಸೂಪರ್‌ವೈಸರ್. ಮಳೆಗಾಲ ಬಂತೆಂದರೆ ನಮ್ಮ ಕೆಲಸ ಧರೆ ಕುಸಿದಲ್ಲಿ ಮಣ್ಣು ತೆಗೆಯುವುದು, ಬಿದ್ದ ಮರ ಕೊಯ್ದು ಬದಿಗೆ ಹಾಕುವುದು, ಚರಂಡಿ ಬಿಡಿಸುವುದು. ಕಳೆದ ವರ್ಷ ಮಳೆ ಹಿಡಿಯುವ ಮೊದಲು 20 ಜಾಕೆಟ್ ತಂದವನು ನಾನೇ. ಪೇಟೆಯ ಅಂಗಡಿಯಲ್ಲಿ ಒಂದಕ್ಕೆ 90 ರೂಪಾಯಿ. ‘ಫ್ರೀ ಸೈಜ್ ಸರ್, ಎಲ್ಲರಿಗೂ ಆಗುತ್ತೆ’ ಅಂದರು. ನಾನು ಒಂದನ್ನು ಅಲ್ಲೇ ಹಾಕಿ ನೋಡಿದೆ, ಸರಿಯಾಗಿ ಕೂತಿತು. ನನ್ನದು ಸಣ್ಣ ಮೈ. ನನಗೆ ಆದದ್ದು ಎಲ್ಲರಿಗೂ ಆಗುತ್ತದೆ ಅಂದುಕೊಂಡೆನಲ್ಲ, ಮೊದಲ ತಪ್ಪು ಅದೇ.

ನಮ್ಮ ಗ್ಯಾಂಗಿನ ಹಿರಿಯರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುವುದು. ಎತ್ತರದ ಆಳು, ದೊಡ್ಡ ಹೊಟ್ಟೆ, ಅಗಲ ಭುಜ. ಮರ ಎಳೆಯುವಾಗ ಅವರಿದ್ದರೆ ಇಬ್ಬರು ಇದ್ದ ಹಾಗೆ. ಜಾಕೆಟ್ ಹಂಚಿದ ದಿನ ಅವರಿಗೆ ಮುಂದಿನ ವೆಲ್ಕ್ರೋ ಸೇರಲೇ ಇಲ್ಲ. ಮಧ್ಯೆ ಒಂದು ಗೇಣು ಅಂತರ. ಹುಡುಗರು ನಕ್ಕರು. ಅಣ್ಣ ಏನೂ ಹೇಳಲಿಲ್ಲ, ‘ಇರಲಿ ತಮ್ಮಾ, ಮೇಲೊಂದು ಇದ್ದರೆ ಆಯ್ತಲ್ಲ’ ಅಂತ ಹಾಗೇ ತೆರೆದು ಹಾಕಿಕೊಂಡರು. ಬೇರೆ ಸೈಜ್ ತರುತ್ತೇನೆ ಅಂತ ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಜುಲೈನಲ್ಲಿ, ಪುನರ್ವಸು ಮಳೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ 169ಎ ಹೆದ್ದಾರಿಯಲ್ಲಿ ಒಂದು ತಿರುವಿನ ಹತ್ತಿರ ಧರೆ ಜರಿದು, ಜೊತೆಗೆ ಮರವೂ ಬಿದ್ದಿತ್ತು. ರಾತ್ರಿ ಎಂಟು ಗಂಟೆ ಆಗಿರಬೇಕು. ಆ ಕಡೆಯ ಮಳೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಹತ್ತು ಮಾರು ದೂರದ ಜೆಸಿಬಿ ಬೆಳಕೇ ಮಸುಕಾಗಿ ಕಾಣುತ್ತಿತ್ತು. ಅಣ್ಣ ರೇನ್‌ಕೋಟ್ ಹಾಕಿ, ಅದರ ಮೇಲೆ ಜಾಕೆಟ್ ಹಾಕಿ, ಕೆಂಪು ಟಾರ್ಚ್ ಹಿಡಿದು ತಿರುವಿನಲ್ಲಿ ಗಾಡಿ ನಿಲ್ಲಿಸಲು ನಿಂತಿದ್ದರು. ಗಾಳಿಗೆ ಜಾಕೆಟ್ ಹಾರಾಡುತ್ತದೆ ಅಂತ ಮುಂದಿನ ಎರಡು ಅಂಚಿಗೆ ಪ್ಲಾಸ್ಟಿಕ್ ಹಗ್ಗ ಕಟ್ಟಿಕೊಂಡಿದ್ದರು. ಹಗ್ಗ ಬಿಗಿದ ಮೇಲೆ ಪಟ್ಟಿಗಳು ಎದೆ ಬಿಟ್ಟು ಕಂಕುಳ ಕಡೆಗೆ ಮಡಚಿ ಹೋಗಿದ್ದವು.

ಜೆಸಿಬಿಯವನಿಗೆ ಏನೋ ಕೂಗಿ ಹೇಳಲು ಅಣ್ಣ ಪಕ್ಕಕ್ಕೆ ತಿರುಗಿದರು. ಅದೇ ಹೊತ್ತಿಗೆ ಒಂದು ಪಿಕಪ್ ಬಂತು. ಬ್ರೇಕ್ ಹಾಕಿದ, ಕೆಸರಲ್ಲಿ ಗಾಡಿ ಜಾರಿತು. ಕನ್ನಡಿ ಅಣ್ಣನ ಮೊಣಕೈಗೆ ಬಡಿಯಿತು, ಅವರು ಚರಂಡಿಗೆ ಬಿದ್ದರು. ಕೈ ಮೂಳೆ ಮುರಿದು ಆರು ವಾರ ಪ್ಲಾಸ್ಟರ್. ತಲೆಗೆ ಬೀಳಲಿಲ್ಲ, ದೇವರು ದೊಡ್ಡವನು.

ಡ್ರೈವರ್ ಮೇಲೆ ನಮಗೆಲ್ಲ ಸಿಟ್ಟು ಬಂದಿತ್ತು. ಆ ಹುಡುಗ ನಡುಗುತ್ತಾ ಒಂದೇ ಮಾತು ಹೇಳುತ್ತಿದ್ದ: ‘ಸತ್ಯವಾಗ್ಲೂ ಆಳು ಕಾಣ್ಲಿಲ್ಲ ಅಣ್ಣಾ. ಕೆಂಪು ಲೈಟ್ ಮಾತ್ರ ಕಂಡಿದ್ದು. ಮುಂದೆ ಯಾವುದೋ ಬೈಕ್ ಹೋಗ್ತಿದೆ ಅಂದ್ಕೊಂಡೆ.’ ಸುಳ್ಳು ಹೇಳ್ತಾನೆ ಅಂತಲೇ ನಾನು ಅಂದುಕೊಂಡಿದ್ದೆ.

ಅಣ್ಣ ವಾಪಸ್ ಬಂದ ಮೇಲೆ ಒಂದು ಸಂಜೆ ಅವರನ್ನು ಅದೇ ರೇನ್‌ಕೋಟ್, ಅದೇ ಜಾಕೆಟ್‌ನಲ್ಲಿ ಗೋಡೌನ್ ಎದುರು ನಿಲ್ಲಿಸಿದೆ. ಐವತ್ತು ಹೆಜ್ಜೆ ದೂರ ಹೋಗಿ ಮೊಬೈಲಿನ ಫ್ಲ್ಯಾಶ್ ಹಾಕಿ ಫೋಟೋ ತೆಗೆದೆ. ರೇಡಿಯಂ ಪಟ್ಟಿ ಬೆಳಕನ್ನು ಬಂದ ಕಡೆಗೇ ವಾಪಸ್ ಕಳಿಸುತ್ತದೆ. ಹೆಡ್‌ಲೈಟ್ ಹಿಂದೆ ಕೂತ ಡ್ರೈವರಿಗೆ ಅದು ಹೊಳೆಯುವುದು ಹಾಗೆ. ಫ್ಲ್ಯಾಶ್ ಪಕ್ಕದ ಕ್ಯಾಮೆರಾಕ್ಕೂ ಹಾಗೇ ಕಾಣುತ್ತದೆ. ಬೆನ್ನಿನ ಫೋಟೋದಲ್ಲಿ ಎರಡು ಪಟ್ಟಿ ಚೆನ್ನಾಗಿ ಹೊಳೆದವು. ಮುಂದಿನದರಲ್ಲಿ ಎರಡು ಸಣ್ಣ ತುಂಡು. ಪಕ್ಕಕ್ಕೆ ತಿರುಗಿಸಿ ತೆಗೆದ ಫೋಟೋ ಪೂರ್ತಿ ಕಪ್ಪು. ಅಣ್ಣ ಅಲ್ಲಿ ಇಲ್ಲವೇ ಇಲ್ಲ.

ಆ ಫೋಟೋ ಈಗಲೂ ನನ್ನ ಫೋನಲ್ಲಿದೆ. ಆ ಹುಡುಗ ಹೇಳಿದ್ದು ನಿಜ.

ಕಾರಣ ಇಷ್ಟೇ. ಕಡಿಮೆ ಬೆಲೆಯ ಜಾಕೆಟ್‌ನಲ್ಲಿ ಪಕ್ಕಕ್ಕೆ ಬಟ್ಟೆಯೇ ಇರುವುದಿಲ್ಲ. ಮುಂದಿನ ತುಂಡು, ಹಿಂದಿನ ತುಂಡು, ಮಧ್ಯೆ ಒಂದು ಎಲಾಸ್ಟಿಕ್. ಸಣ್ಣ ಮೈಯವರಿಗೆ ಎರಡೂ ತುಂಡು ಹತ್ತಿರ ಬಂದು ಸಂದಿ ಗೊತ್ತಾಗುವುದಿಲ್ಲ. ದಪ್ಪ ಮೈಯವರಿಗೆ ಎಲಾಸ್ಟಿಕ್ ಹಿಗ್ಗಿ ಒಂದೊಂದು ಪಕ್ಕದಲ್ಲಿ ಏಳೆಂಟು ಇಂಚು ಖಾಲಿ. ನಮ್ಮ ಘಾಟಿ ರಸ್ತೆಗಳಲ್ಲಿ ಗಾಡಿ ಎದುರಿನಿಂದ ನೇರ ಬರುವುದು ಎಲ್ಲಿ? ತಿರುವು ಹೊರಳಿ ಬರುವಾಗ ಬೆಳಕು ಮೊದಲು ಬೀಳುವುದು ಪಕ್ಕೆಗೇ. ಆಗುಂಬೆ ಘಾಟಿ ಒಂದರಲ್ಲೇ 14 ಕಡಿದಾದ ತಿರುವುಗಳಿವೆ.

ಹೊರದೇಶದಲ್ಲೂ ಇಲ್ಲೂ ಕಂಪನಿಗಳು ಹೆಸರು ಹೇಳುವ ಐಎಸ್‌ಒ 20471 ಅನ್ನುವ ಮಾನದಂಡದಲ್ಲಿ ಇದೆಲ್ಲ ಬರೆದೇ ಇದೆ. ಪಟ್ಟಿ 50 ಮಿಲಿಮೀಟರಿಗಿಂತ ಕಡಿಮೆ ಅಗಲ ಇರಬಾರದು, ಮೈಸುತ್ತ ಬರಬೇಕು, ಮುಂದೆ ಜಿಪ್ ಅಥವಾ ವೆಲ್ಕ್ರೋ ಹಾಕುವಲ್ಲಿ ಪಟ್ಟಿಯ ಮಧ್ಯದ ಅಂತರ 50 ಮಿಲಿಮೀಟರ್ ದಾಟಬಾರದು. ಅಂದರೆ ಎರಡು ಇಂಚು. ಅಣ್ಣನದು ಒಂದು ಗೇಣು ಇತ್ತು. ನಮ್ಮ ದೇಶದ್ದೇ ಐಎಸ್ 15809 ಅಂತ ಒಂದಿದೆ, ಕೊಳ್ಳುವಾಗ ಲೇಬಲ್‌ನಲ್ಲಿ ಹುಡುಕಿ. ನಾನು ತಂದ ಜಾಕೆಟ್‌ಗೆ ಲೇಬಲ್ಲೇ ಇರಲಿಲ್ಲ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಗಾಬರಿಯಲ್ಲಿ ಅಣ್ಣನಿಗೆ ತ್ರಿಬಲ್ ಎಕ್ಸ್‌ಎಲ್ ತಂದೆ. ಹೊಟ್ಟೆಗೆ ಕಷ್ಟಪಟ್ಟು ಸೇರಿತು, ಆದರೆ ಉದ್ದ ತೊಡೆಗೆ ಬಂತು, ತೋಳಿನ ತೂತು ಸೊಂಟದವರೆಗೆ ಇಳಿಯಿತು. ಜೆಸಿಬಿ ಹತ್ತಿ ಇಳಿಯುವಾಗ ಅದು ಹಿಡಿಕೆಗೆ ಸಿಕ್ಕಿಹಾಕಿಕೊಂಡಿತು. ಮರ ಕೊಯ್ಯುವ ಮಷಿನ್ ಹತ್ತಿರ ಹಾಗಾಗಿದ್ದರೆ? ಹಗ್ಗ ಕಟ್ಟಿಕೊಳ್ಳುವುದೂ ಅಷ್ಟೇ ಅಪಾಯ. ವೆಲ್ಕ್ರೋ ಎಳೆದರೆ ಬಿಟ್ಟುಕೊಳ್ಳುತ್ತದೆ, ಪ್ಲಾಸ್ಟಿಕ್ ಹಗ್ಗ ಮನುಷ್ಯನನ್ನೇ ಎಳೆದುಕೊಂಡು ಹೋಗುತ್ತದೆ. ಟೈಲರ್ ಹತ್ತಿರ ಪಕ್ಕಕ್ಕೆ ಬಟ್ಟೆ ಸೇರಿಸಿ ಹೊಲಿಸೋಣ ಅಂತಲೂ ನೋಡಿದೆ. ಅವರ ಹತ್ತಿರ ಇದ್ದದ್ದು ಮಾಮೂಲಿ ಕೇಸರಿ ಬಟ್ಟೆ, ಅದು ಹಗಲಲ್ಲಿ ಹೊಳೆಯುವುದಿಲ್ಲ, ರಾತ್ರಿ ಕೇಳಲೇ ಬೇಡಿ. ಬೇಡ ಅಂತ ವಾಪಸ್ ತಂದೆ.

ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಅನ್ನುವ ಅಕ್ಷರ ನಂಬಬೇಡಿ. ಒಂದೇ ಅಕ್ಷರದ ಎರಡು ಕಂಪನಿಯ ಜಾಕೆಟ್‌ಗೆ ನಾನೇ ಟೇಪ್ ಹಿಡಿದೆ, ನಾಲ್ಕು ಇಂಚು ವ್ಯತ್ಯಾಸ. ಇಂಚಿನಲ್ಲಿ ಕೇಳಿ. ಎದೆಯನ್ನಷ್ಟೇ ಅಳೆದರೆ ಆಗಲ್ಲ, ಹೊಟ್ಟೆಯನ್ನೂ ಅಳೆಯಿರಿ, ಯಾವುದು ಜಾಸ್ತಿಯೋ ಅದೇ ಲೆಕ್ಕ. ಮಲೆನಾಡಲ್ಲಿ ಆರು ತಿಂಗಳು ರೇನ್‌ಕೋಟ್ ಅಥವಾ ಸ್ವೆಟರ್ ಮೇಲೆಯೇ ಜಾಕೆಟ್ ಹಾಕುವುದು, ಹಾಗಾಗಿ ಅದನ್ನು ಹಾಕಿಸಿಯೇ ಅಳತೆ ತೆಗೆಯಿರಿ. ಆಮೇಲೆ ಹಾಕಿಸಿ ನೋಡಿ: ಎರಡೂ ಕೈ ಮೇಲೆತ್ತಿಸಿ, ಕುಕ್ಕರಗಾಲಲ್ಲಿ ಕೂರಿಸಿ, ಹಾರೆ ಹಿಡಿದು ಬಗ್ಗಿಸಿ. ವೆಲ್ಕ್ರೋ ಬಿಟ್ಟುಕೊಂಡರೆ ಚಿಕ್ಕದು, ಭುಜದಿಂದ ಜಾರಿದರೆ ದೊಡ್ಡದು. ಪಕ್ಕಕ್ಕೂ ಬಟ್ಟೆ ಇರುವ, ಪಟ್ಟಿ ಬೆನ್ನಿನಿಂದ ಪಕ್ಕೆಗೆ, ಪಕ್ಕೆಯಿಂದ ಎದೆಗೆ ತುಂಡಾಗದೆ ಬರುವ ಜಾಕೆಟ್ಟೇ ಬೇಕು ಅಂತ ಹಟ ಹಿಡಿಯಿರಿ. ಕೊನೆಗೆ ಕತ್ತಲಲ್ಲಿ ನಾಲ್ಕೂ ಕಡೆಯಿಂದ ಫ್ಲ್ಯಾಶ್ ಫೋಟೋ ತೆಗೆಯಿರಿ. ಪಟ್ಟಿಗೆ ನಲ್ಲಿ ನೀರು ಬಿಟ್ಟು ಇನ್ನೊಂದು ಸಲ ತೆಗೆಯಿರಿ, ಕೆಲವು ಅಗ್ಗದ ಪಟ್ಟಿಗಳು ಒದ್ದೆಯಾದರೆ ಮಂಕಾಗುತ್ತವೆ. ಬಣ್ಣದ ವಿಷಯ: ನಮ್ಮ ಕಡೆ ಹಸಿರು ಜಾಸ್ತಿ, ಹಗಲಿಗೆ ಕಿತ್ತಳೆ ಬಣ್ಣ ಒಳ್ಳೆಯದು. ರಾತ್ರಿ ಕೆಲಸ ಮಾಡುವುದು ಪಟ್ಟಿ ಮಾತ್ರ.

ಅಳತೆ ಎಲ್ಲರ ಎದುರು ತೆಗೆಯಬೇಡಿ. ಅಣ್ಣ ಅವತ್ತು ಬೇರೆ ಸೈಜ್ ಯಾಕೆ ಕೇಳಲಿಲ್ಲ ಅಂತ ಆಮೇಲೆ ಕೇಳಿದೆ. ‘ಹುಡುಗರು ನಗ್ತಿದ್ರಲ್ಲ ತಮ್ಮಾ’ ಅಂದರು. ಈಗ ನಾನು ಒಬ್ಬೊಬ್ಬರನ್ನೇ ಗೋಡೌನ್ ಒಳಗೆ ಕರೆದು ಅಳತೆ ಬರೆದುಕೊಳ್ಳುತ್ತೇನೆ. ಸಪೂರ ಇದ್ದವರನ್ನೂ ಕರೆಯುತ್ತೇನೆ, ಯಾರಿಗೂ ಬೇರೆ ಅನಿಸಬಾರದು.

ಅಣ್ಣನ ಅಳತೆ ಕೊಟ್ಟು ಬೆಂಗಳೂರಿನಿಂದ ತರಿಸಿದ್ದಕ್ಕೆ 12 ದಿನ ಹಿಡಿಯಿತು, 380 ರೂಪಾಯಿ. ಜುಲೈ ತಿಂಗಳಲ್ಲಿ 12 ದಿನ ಕಾಯಲು ಆಗುವುದಿಲ್ಲ. ರೇನ್‌ಕೋಟ್ ಮೇಲೆ 56 ಇಂಚು ಹೊಟ್ಟೆಗೆ ಸೇರುವ, ಪಕ್ಕ ಮುಚ್ಚಿರುವ ಜಾಕೆಟ್ ಸ್ಟಾಕ್ ಇಡುವ ಅಂಗಡಿ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಎಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಈ ವರ್ಷ ನನಗೆ ಇನ್ನೂ ಎರಡು ಬೇಕು.