ಒಂದೇ ಕುರಾಂತ್, ಮೂರು ಕೈಗಳಲ್ಲಿ

ಕಳೆದ ಒಂದು ವರ್ಷದಲ್ಲಿ, ತಲಾ ನಾಲ್ಕು ತಿಂಗಳಂತೆ, ಪಾಶ್ಚಾತ್ಯ ಸಂಗೀತದ ಬರೋಕ್ ಕಾಲದ ಮೂವರು ರಚನಕಾರರ ಒಂದೊಂದು ಸೂಟನ್ನು (ಒಂದರ ಹಿಂದೊಂದು ಬರುವ ನೃತ್ಯರಚನೆಗಳ ಗುಚ್ಛವನ್ನು) ನಾನು ಅಭ್ಯಾಸಕ್ಕೆ ಎತ್ತಿಕೊಂಡೆ. ಬಾಖನ ಆರು ಫ್ರೆಂಚ್ ಸೂಟ್‌ಗಳಲ್ಲಿ ಐದನೆಯದಾದ ಜಿ ಮೇಜರ್ ಸೂಟ್. ಹ್ಯಾಂಡೆಲ್ 1720ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಎಂಟು ಸೂಟ್‌ಗಳಲ್ಲಿ ಐದನೆಯದಾದ ಇ ಮೇಜರ್ ಸೂಟ್. ಫ್ರಾನ್ಸ್ವಾ ಕೂಪೆರಾಂ 1713ರಲ್ಲಿ ಹೊರತಂದ ಮೊದಲ ಪುಸ್ತಕದ ಮೊದಲ ‘ಓರ್ದ್ರ್’. ಸೂಟಿಗೆ ಕೂಪೆರಾಂ ಬಳಸಿದ ಹೆಸರೇ ಓರ್ದ್ರ್. ಅದು ಬಹಳ ಉದ್ದವಾದದ್ದರಿಂದ ಆರಂಭದ ನೃತ್ಯಗಳನ್ನು ಮಾತ್ರ ನುಡಿಸಿದೆ. ವಾದ್ಯ ನಮ್ಮ ಮನೆಯ ಡಿಜಿಟಲ್ ಪಿಯಾನೋ. ಅದರಲ್ಲಿರುವ ಹಾರ್ಪ್ಸಿಕಾರ್ಡ್ ಧ್ವನಿಯನ್ನೇ ಹೆಚ್ಚಾಗಿ ಬಳಸಿದೆ. ತಂತಿಯನ್ನು ಮೀಟುವ ಹಾರ್ಪ್ಸಿಕಾರ್ಡಿನಲ್ಲಿ ಕೀಲಿಯನ್ನು ಎಷ್ಟು ಬಲವಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ, ಒಂದು ಸ್ವರಕ್ಕೆ ಒತ್ತು ಕೊಡಬೇಕೆಂದರೆ ಅದನ್ನು ಕೊಂಚ ಹೆಚ್ಚು ಹೊತ್ತು ಹಿಡಿಯಬೇಕು, ಇಲ್ಲವೇ ಅದರ ಹಿಂದಿನ ಸ್ವರವನ್ನು ಕೊಂಚ ಬೇಗ ಬಿಡಬೇಕು.

ಮೂರರಲ್ಲೂ ಅಲ್ಮಾಂದ್ ಎಂಬ ನೃತ್ಯದ ನಂತರ ಕುರಾಂತ್ ಎಂಬ ನೃತ್ಯ ಬರುತ್ತದೆ. ಹೆಸರಿನ ಅರ್ಥ ‘ಓಡುವುದು’. ಹೆಸರು ಒಂದೇ ಆದರೂ ನೃತ್ಯ ಒಂದೇ ಅಲ್ಲವೆಂಬುದು ಬೆರಳಿಗೆ ಬಂದ ಮೇಲೆಯೇ ನನಗೆ ಸರಿಯಾಗಿ ತಿಳಿದದ್ದು.

ಬಾಖನ ಜಿ ಮೇಜರ್ ಕುರಾಂತ್ ‘ಫ್ರೆಂಚ್’ ಸೂಟಿನೊಳಗೆ ಕುಳಿತಿರುವ ಅಪ್ಪಟ ಇಟಾಲಿಯನ್ ಓಟ. 3/4ರ ಎಣಿಕೆಯಲ್ಲಿ ಬಲಗೈ ಹದಿನಾರನೆಯ ಸ್ವರಗಳಲ್ಲಿ (ಒಂದು ಎಣಿಕೆಗೆ ನಾಲ್ಕು ಬರುವ ಚಿಕ್ಕ ಸ್ವರಗಳಲ್ಲಿ) ಹರಿಯುತ್ತದೆ, ಎಡಗೈಯೂ ಆಗಾಗ ಆ ಹರಿವನ್ನು ತನ್ನ ಪಾಲಿಗೆ ತೆಗೆದುಕೊಳ್ಳುತ್ತದೆ. ಅಂದಹಾಗೆ ‘ಫ್ರೆಂಚ್’ ಎಂಬ ಹೆಸರು ಬಾಖ್ ಇಟ್ಟದ್ದಲ್ಲ. ಇಲ್ಲಿ ಲಯದ ಗೊಂದಲವಿಲ್ಲ, ಕಷ್ಟವೆಲ್ಲ ಎಡಗೈಯದು. ಜೊತೆಗೆ ನಾನೇ ತಂದುಕೊಂಡ ಒಂದು ಕಷ್ಟವೂ ಇತ್ತು. ಪುಕ್ಕಟೆ ಸಿಕ್ಕಿತೆಂದು ಒಂದು ಹಳೆಯ ಮುದ್ರಣದಿಂದ ಒಂದು ತಿಂಗಳು ಕಲಿತೆ. ಅದರಲ್ಲಿದ್ದ ಉದ್ದುದ್ದ ಸ್ಲರ್‌ಗಳೂ (ಸ್ವರಗಳನ್ನು ಬೆಸೆದು ನುಡಿಸಿ ಎನ್ನುವ ಕಮಾನು ಗೆರೆಗಳು) ಸದ್ದಿನ ಏರಿಳಿತದ ಸೂಚನೆಗಳೂ ಸಂಪಾದಕನ ಸೇರ್ಪಡೆಗಳೆಂದು ಗೊತ್ತಾದಾಗ, ಅಭ್ಯಾಸವಾಗಿದ್ದ ಬೆರಳುಗಳನ್ನು ಮರಳಿ ಹಾದಿಗೆ ತರಲು ಇನ್ನೂ ಮೂರು ವಾರ ಹಿಡಿಯಿತು.

ಹ್ಯಾಂಡೆಲನ ಕುರಾಂತ್ ಕೂಡ ಮೂರರ ಎಣಿಕೆಯ ಓಟವೇ, ಆದರೆ ಅದು ಕೈಗೆ ತಾನಾಗಿ ಬಂದು ಕೂರುತ್ತದೆ. ನಾಲ್ಕು ಶಾರ್ಪ್‌ಗಳನ್ನು (ಸ್ವರವನ್ನು ಅರ್ಧ ಹೆಜ್ಜೆ ಏರಿಸುವ ಗುರುತುಗಳನ್ನು) ಕಂಡು ಮೊದಲು ಹೆದರಿದ್ದೆ; ಎರಡು ವಾರಗಳಲ್ಲಿ ಪುಟ ನೋಡದೆ ನುಡಿಸುತ್ತಿದ್ದೆ. ಈ ಸೂಟಿನ ಖ್ಯಾತಿಯೆಲ್ಲ ಕೊನೆಯ ‘ಏರ್’ ಎಂಬ ಸರಳ ರಾಗ ಮತ್ತು ಅದರ ಐದು ವೇರಿಯೇಶನ್‌ಗಳಿಗೆ (ಅದೇ ರಾಗದ ಬದಲಾದ ರೂಪಗಳಿಗೆ) ಸೇರಿದ್ದು. ‘ದಿ ಹಾರ್ಮೋನಿಯಸ್ ಬ್ಲ್ಯಾಕ್‌ಸ್ಮಿತ್’ ಎಂದು ಕಮ್ಮಾರನ ಹೆಸರಿನಿಂದ ಲೋಕವೆಲ್ಲ ಕರೆಯುವುದು ಅದನ್ನೇ. ಆ ಹೆಸರೂ ಹ್ಯಾಂಡೆಲ್ ಕೊಟ್ಟದ್ದಲ್ಲ. ವೇರಿಯೇಶನ್‌ಗಳಲ್ಲಿ ಮೊದಲು ಬಲಗೈಗೆ ಹದಿನಾರನೆಯ ಸ್ವರಗಳು, ಆಮೇಲೆ ಅವೇ ಎಡಗೈಗೆ. ಬಲಗೈಗೆ ತ್ರಿವಳಿಗಳು (ಮೂರುಮೂರು ಸ್ವರಗಳ ಗುಂಪುಗಳು), ಆಮೇಲೆ ಅವೇ ಎಡಗೈಗೆ. ಕಡೆಗೆ ಕೈಯಿಂದ ಕೈಗೆ ಹಾರುವ ವೇಗದ ಸ್ವರಮಾಲೆಗಳು. ‘ಏರ್’ ಅನ್ನು ಉತ್ಸಾಹದಿಂದ ಚುರುಕಾಗಿ ಆರಂಭಿಸಿದವರು ಐದನೆಯದಕ್ಕೆ ಬರುವಷ್ಟರಲ್ಲಿ ಮುಗ್ಗರಿಸುವುದು ಖಂಡಿತ. ನಾನು ಮುಗ್ಗರಿಸಿದ್ದಕ್ಕೆ ಲೆಕ್ಕವಿಲ್ಲ. ಕೊಟ್ಟ ಶ್ರಮಕ್ಕೆ ಬೇಗ ಫಲ ಕೊಡುವವರು ಮೂವರಲ್ಲಿ ಹ್ಯಾಂಡೆಲನೇ, ಬೇಗ ಸಾಕೆನಿಸುವವನೂ ಅವನೇ ಎಂಬುದು ನನ್ನ ಅನುಭವ.

ಕೂಪೆರಾಂನ ಪುಟವನ್ನು ತೆರೆದಾಗ, ಸ್ವರಗಳು ಕಡಿಮೆ ಇವೆ, ಇದು ಸುಲಭವಿರಬೇಕು ಎಂದುಕೊಂಡೆ. ಅದಕ್ಕಿಂತ ದೊಡ್ಡ ತಪ್ಪು ಲೆಕ್ಕ ಆ ವರ್ಷದಲ್ಲಿ ನಾನು ಮಾಡಲಿಲ್ಲ. ಮೊದಲ ಓರ್ದ್ರಿನಲ್ಲಿ ಒಂದರ ಹಿಂದೊಂದು ಎರಡು ಕುರಾಂತ್‌ಗಳಿವೆ, ಎರಡೂ ನಿಜವಾದ ಫ್ರೆಂಚ್ ಬಗೆಯವು, ಎರಡೂ ಓಡುವುದಿಲ್ಲ. ಒಂದು ಬಾರ್‌ನಲ್ಲಿ (ನಮ್ಮ ಆವರ್ತದಂಥ ಲಯದ ತುಂಡಿನಲ್ಲಿ) ಕ್ರಾಚೆಟ್ ಎಂಬ ಸಮ ಅಳತೆಯ ಆರು ಸ್ವರಗಳಿವೆ ಎಂದುಕೊಳ್ಳಿ. ಅವನ್ನು ಎರಡೆರಡಾಗಿ ಮೂರು ಗುಂಪು ಮಾಡಿ ‘ಒಂದು-ಎರಡು, ಒಂದು-ಎರಡು, ಒಂದು-ಎರಡು’ ಎಂದು ಎಣಿಸಬಹುದು, ಮೂರುಮೂರಾಗಿ ಎರಡು ಗುಂಪು ಮಾಡಿ ‘ಒಂದು-ಎರಡು-ಮೂರು, ಒಂದು-ಎರಡು-ಮೂರು’ ಎಂದೂ ಎಣಿಸಬಹುದು. ಫ್ರೆಂಚ್ ಕುರಾಂತ್ ಈ ಎರಡು ಎಣಿಕೆಗಳ ನಡುವೆ ಹೇಳದೆ ಕೇಳದೆ ಮಗ್ಗುಲು ಬದಲಿಸುತ್ತದೆ. ಭಾಗವೊಂದು ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಎರಡನೆಯ ಎಣಿಕೆಗೆ ಬಂದು ನಿಲ್ಲುತ್ತದೆ. ಕೆಲವೊಮ್ಮೆ ಬಲಗೈ ಒಂದನ್ನು ಹೇಳಿದರೆ ಎಡಗೈ ಇನ್ನೊಂದನ್ನು ಹೇಳುತ್ತದೆ. ಪಿಯಾನೋ ಮುಚ್ಚಿಟ್ಟು, ಮೇಜಿನ ಮೇಲೆ ಬರೀ ತಟ್ಟಿ ಕಲಿತ ದಿನಗಳೇ ಹೆಚ್ಚು.

ಅದರ ಮೇಲೆ ಅಲಂಕಾರಗಳು, ಎಂದರೆ ಸ್ವರಕ್ಕೆ ಸೇರಿಸುವ ಕುಸುರಿಗಳು. ಕೂಪೆರಾಂ ಅವುಗಳ ಪಟ್ಟಿಯನ್ನು ಮೊದಲ ಪುಸ್ತಕದಲ್ಲೇ ಕೊಟ್ಟಿದ್ದಾನೆ. ತಾನು ಗುರುತು ಹಾಕಿದಂತೆ ಜನ ನುಡಿಸುವುದಿಲ್ಲವೆಂದು 1722ರ ಮೂರನೆಯ ಪುಸ್ತಕದ ಮುನ್ನುಡಿಯಲ್ಲಿ ಬೇಸರಪಟ್ಟಿದ್ದಾನೆ. ಟ್ರಿಲ್ (ಅಕ್ಕಪಕ್ಕದ ಎರಡು ಸ್ವರಗಳ ನಡುವಿನ ಓಲಾಟ) ನಿಧಾನವಾಗಿ ಆರಂಭವಾಗಿ, ಕೇಳುವವರಿಗೆ ಗೊತ್ತಾಗದಂತೆ ವೇಗ ಪಡೆಯಬೇಕೆಂಬುದು 1716ರ ಅವನ ಬೋಧನಾ ಗ್ರಂಥದ ಸೂಚನೆ. ನಮ್ಮಲ್ಲಿ ಗಮಕವಿಲ್ಲದ ಸ್ವರ ಹೇಗೆ ಬೋಳಾಗಿ ಕೇಳಿಸುತ್ತದೆಯೋ ಹಾಗೆಯೇ, ಟ್ರಿಲ್ ಬಿಟ್ಟು ನುಡಿಸಿದ ಕೂಪೆರಾಂ ನನ್ನ ಕಿವಿಗೆ ಅರ್ಧ ಹೇಳಿದ ಮಾತಿನಂತಿತ್ತು. ನುಡಿಸುವಾಗ ಮುಖ ಸೊಟ್ಟಗಾಗುವವರು ಎದುರಿಗೆ ಕನ್ನಡಿ ಇಟ್ಟುಕೊಳ್ಳಲಿ ಎಂಬ ಸಲಹೆಯೂ ಅದೇ ಗ್ರಂಥದಲ್ಲಿದೆ. ಇಟ್ಟು ನೋಡಿದೆ. ಎಣಿಕೆ ಬದಲಾಗುವ ಪ್ರತಿ ಬಾರ್‌ನಲ್ಲೂ ನಾನು ಕೆಳದುಟಿ ಕಚ್ಚುತ್ತಿದ್ದೆ.

ಹೊಸಬರು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ ಹ್ಯಾಂಡೆಲನಿಂದ ಎನ್ನುತ್ತೇನೆ. ಇಡೀ ಸೂಟಾಗಿ ನೋಡಿದರೆ ಬಾಖನ ಸೂಟೇ ಮೇಲು. ಕೊನೆಯ ನೃತ್ಯವಾದ ಝೀಗಿನ ಉತ್ತರಾರ್ಧದಲ್ಲಿ ಮೊದಲ ರಾಗಪಂಕ್ತಿ ತಲೆಕೆಳಗಾಗಿ ಬರುವುದನ್ನು ಬೆರಳಲ್ಲಿ ಹಿಡಿದ ದಿನದ ಸಂತೋಷವೇ ಬೇರೆ. ಆದರೆ ಕುರಾಂತ್ ಒಂದನ್ನೇ ಕೇಳಿದರೆ ನನ್ನ ಆಯ್ಕೆ ಕೂಪೆರಾಂ. ಬಾಖನ ಡಿ ಮೈನರ್ ಫ್ರೆಂಚ್ ಸೂಟಿನ ಕುರಾಂತ್ ಕೂಡ ಈ ಬಗೆಯದೇ ಆದ್ದರಿಂದ, ಮುಂದಿನ ನಾಲ್ಕು ತಿಂಗಳಿಗೆ ಅದನ್ನು ತೆಗೆದಿಟ್ಟಿದ್ದೇನೆ. ಕೂಪೆರಾಂನ ಎರಡನೆಯ ಕುರಾಂತ್ ಇನ್ನೂ ಪೂರ್ಣ ವೇಗಕ್ಕೆ ಬಂದಿಲ್ಲ. ಕನ್ನಡಿಯೂ ಇನ್ನೂ ಪಿಯಾನೋದ ಮೇಲೆಯೇ ಇದೆ.