ಕರಾವಳಿಯ ಹೊಸ ಹಾಡು ಮೊದಲು ಸಿಗುವುದು ಎಲ್ಲಿ?

ಕೆಲಸದ ದಿನಗಳಲ್ಲಿ ಮಂಗಳೂರಿನಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿಬರುತ್ತೇನೆ. ದಿನಕ್ಕೆ ಹತ್ತಿರ ಹತ್ತಿರ ಮೂರು ಗಂಟೆ ಕಿವಿ ಬಿಡುವಾಗಿರುತ್ತದೆ. ಕಳೆದ ಮಳೆಗಾಲದಲ್ಲಿ ಆ ಹೊತ್ತನ್ನೆಲ್ಲ ನಮ್ಮ ಕರಾವಳಿಯ ಸ್ವತಂತ್ರ ಗಾಯಕರು ಮತ್ತು ಬ್ಯಾಂಡುಗಳ ಹೊಸ ಹಾಡುಗಳಿಗೇ ಮೀಸಲಿಟ್ಟೆ. ಸಿನಿಮಾ ಹಾಡುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಸ್ಪಾಟಿಫೈ, ಕಲಾವಿದರೇ ತಮ್ಮ ಹಾಡುಗಳನ್ನು ಮಾರುವ ತಾಣವಾದ ಬ್ಯಾಂಡ್‌ಕ್ಯಾಂಪ್, ಯೂಟ್ಯೂಬ್ ಮೂರನ್ನೂ ಒಟ್ಟಿಗೆ ಬಳಸಿ, ಯಾವ ಹಾಡು ಎಲ್ಲಿ ಮೊದಲು ಸಿಕ್ಕಿತು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟೆ.

ಸ್ಪಾಟಿಫೈನ ರಿಲೀಸ್ ರೇಡಾರ್ ಪಟ್ಟಿ ಪ್ರತಿ ಶುಕ್ರವಾರ ಹೊಸದಾಗುತ್ತದೆ. ನಾವು ಫಾಲೋ ಮಾಡಿದವರು ಮತ್ತು ಈವರೆಗೆ ಕೇಳಿದವರು ಯಾರೆಂದು ನೋಡಿಯೇ ಅದು ಸಿದ್ಧವಾಗುತ್ತದೆ. ಹಾಗಾಗಿ ಪರಿಚಯದ ಗಾಯಕರ ಹೊಸ ಹಾಡು ಕೈತಪ್ಪದಿರಲು ಅದು ಬಹಳ ಒಳ್ಳೆಯದು. ಕಾಪುವಿನ ಹುಡುಗಿಯೊಬ್ಬಳು ಹಾಡಿದ ಮೊತ್ತಮೊದಲ ಹಾಡನ್ನು ಹುಡುಕಿಕೊಡುವುದು ಅದರ ಕೆಲಸವಲ್ಲ.

ಬ್ಯಾಂಡ್‌ಕ್ಯಾಂಪ್‌ನಲ್ಲಿ ಊರಿನ ಹೆಸರಿನ ಟ್ಯಾಗ್ ಹಿಡಿದು ಹುಡುಕಬಹುದು. ನಮ್ಮ ಊರಿನ ಹಳೆಯ ಇಂಗ್ಲಿಷ್ ಹೆಸರನ್ನೂ ಹೊಸದನ್ನೂ ಬೇರೆ ಬೇರೆಯಾಗಿ ಹಾಕಿ ನೋಡಬೇಕು. ನನಗೆ ಅಲ್ಲಿ ಸಿಕ್ಕಿದ್ದು ಹೆಚ್ಚಾಗಿ ಗಿಟಾರ್ ಮತ್ತು ಎಲೆಕ್ಟ್ರಾನಿಕ್ ಸಂಗೀತ. ತುಳು, ಕೊಂಕಣಿ ಬೆರಳೆಣಿಕೆಯಷ್ಟು. ಆದರೂ ಹಾಡಿದವರಿಗೆ ಹಣ ತಲುಪಬೇಕು ಎನ್ನುವವರು ಈ ದಾರಿಯನ್ನು ಬಿಡಬಾರದು. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಶೇ 15ರಷ್ಟು ಪಾಲು ಹಿಡಿಯುತ್ತದೆ. 2020ರ ಮಾರ್ಚ್‌ನಲ್ಲಿ ಆರಂಭವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತದೆ. ಸ್ಪಾಟಿಫೈನಲ್ಲಿ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಂಡ ಹಾಡಿಗೆ ಮಾತ್ರ ರಾಯಲ್ಟಿ. ತುಳುವಿನಲ್ಲಿ ಈಗಷ್ಟೇ ಹಾಡಲು ಹೊರಟವರಿಗೆ ಸಾವಿರ ಸಣ್ಣ ಸಂಖ್ಯೆಯಲ್ಲ. ಮೆಚ್ಚಿದ ಆಲ್ಬಮ್ಮನ್ನು ನಾನು ಹಣ ಕೊಟ್ಟೇ ಕೊಳ್ಳುತ್ತೇನೆ.

ಪುಸ್ತಕದ ಪುಟಗಳು ತುಂಬಿದ್ದು ಮಾತ್ರ ಯೂಟ್ಯೂಬಿನಿಂದ. ಅದರ ಶಿಫಾರಸುಗಳಿಗಿಂತ ಹೆಚ್ಚಾಗಿ ಇಲ್ಲಿ ಕೈಹಿಡಿದದ್ದು ನಮ್ಮ ಲಿಪಿ. ಮಂಗಳೂರಿನ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಗೋವಾದವರು ದೇವನಾಗರಿ ಇಲ್ಲವೇ ರೋಮನ್ ಬಳಸುತ್ತಾರೆ. ರೋಮನ್ ಅಕ್ಷರಗಳಲ್ಲಿ ಹುಡುಕಿದಾಗ ಗೋವಾದ ಹಾಡುಗಳೇ ಸಾಲುಗಟ್ಟಿದವು. ಅದೇ ‘ಕೊಂಕ್ಣಿ ಪದಾಂ’ ಎಂದು ಕನ್ನಡದಲ್ಲಿ ಟೈಪ್ ಮಾಡಿ, ಫಿಲ್ಟರಿನಲ್ಲಿ ‘ಈ ವಾರ’ ಎಂದು ಆಯ್ದುಕೊಂಡ ಕೂಡಲೇ ಬಜ್ಪೆ, ಕಲ್ಯಾಣಪುರ ಕಡೆಯವರು ಕಾಣಿಸಿಕೊಂಡರು! ತುಳುವಿಗೂ ಈ ಉಪಾಯ ಫಲಿಸಿತು. ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆಯ ಹಾಡುಗಳಿಗೆ ರೋಮನ್ನಿನಲ್ಲೂ ಹುಡುಕಬೇಕಾಯಿತು, ಅದೂ ಎರಡೆರಡು ಸಲ. ಬ್ಯಾರಿ ಎಂಬ ಹೆಸರನ್ನೇ ಆ ಲಿಪಿಯಲ್ಲಿ ಎರಡು ಬಗೆಯಾಗಿ ಬರೆಯುತ್ತಾರೆ.

ಹಬ್ಬಗಳ ಲೆಕ್ಕವೂ ಮುಖ್ಯ. ತುಳುವರ ಆಟಿ ತಿಂಗಳಿನಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನನ್ನ ಪುಸ್ತಕಕ್ಕೆ ಸೇರಿದ್ದು ಕಡಿಮೆ. ಅಷ್ಟಮಿ ಹತ್ತಿರವಾದಂತೆ ತುಳು ಹಾಡುಗಳು ಹೆಚ್ಚಿದವು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ (ಕೊಂಕಣಿ ಕ್ರೈಸ್ತರ ತೆನೆ ಹಬ್ಬ) ಮುಂಚಿನ ವಾರವಂತೂ, ಹೊಸ ತೆನೆಯ ಜೊತೆಗೇ ಬಂದವೋ ಎಂಬಂತೆ ಕೊಂಕಣಿ ಹಾಡುಗಳು ದಿನವೂ ಸಿಕ್ಕವು. ಹಾಡಿನ ಕೆಳಗಿನ ವಿವರವನ್ನು ಬಿಡಿಸಿ ಓದುವುದನ್ನು ಅಲ್ಲಿಯೇ ರೂಢಿ ಮಾಡಿಕೊಂಡೆ. ಕೀಬೋರ್ಡ್ ನುಡಿಸಿದವರ ಹೆಸರು ಹಿಡಿದು ಹೊರಟರೆ ಅವರದೇ ಇನ್ನೊಂದು ತಂಡ ಸಿಗುತ್ತದೆ, ಅಲ್ಲಿಂದ ಮತ್ತೊಬ್ಬ ಗಾಯಕಿ. ನನಗೆ ಅತ್ಯಂತ ಇಷ್ಟವಾದ ನಾಲ್ಕು ಹಾಡುಗಳು ಸಿಕ್ಕಿದ್ದು ಹೀಗೆಯೇ.

ಆದ್ದರಿಂದ ನನ್ನ ಮಟ್ಟಿಗೆ ಹುಡುಕಲು ಯೂಟ್ಯೂಬ್, ಕೊಳ್ಳಲು ಬ್ಯಾಂಡ್‌ಕ್ಯಾಂಪ್, ಬೆನ್ನುಹತ್ತಲು ಸ್ಪಾಟಿಫೈ. ಒಂದನ್ನೇ ಇಟ್ಟುಕೊಳ್ಳಿ ಎಂದರೆ ಯೂಟ್ಯೂಬ್, ಜೊತೆಗೆ ಮೊಬೈಲಿನಲ್ಲಿ ಕನ್ನಡ ಕೀಲಿಮಣೆ.

ಸೆಪ್ಟೆಂಬರ್ ಕೊನೆಯಲ್ಲಿ ಮಣಿಪಾಲದ ಒಂದು ಕಾಫಿ ಅಂಗಡಿಯಲ್ಲಿ ಮೂವರು ಹುಡುಗರು ತುಳುವಿನಲ್ಲಿ ಹಾಡುತ್ತಿದ್ದರು. ಬಲೆ ನೇಯುವ ಅಜ್ಜನ ಬಗೆಗಿನ ಹಾಡು. ಮೂರೂ ಕಡೆ ಹುಡುಕಿದೆ, ಎಲ್ಲಿಯೂ ಇರಲಿಲ್ಲ. ಹಾಡಿದವನನ್ನೇ ಕೇಳಿದೆ. “ಮಿಕ್ಸಿಂಗ್ ಇನ್ನೂ ಮುಗಿದಿಲ್ಲ ಅಕ್ಕಾ, ಚಾನೆಲ್ ಮಾತ್ರ ತೆರೆದಿದ್ದೇವೆ” ಎಂದ. ಅಲ್ಲಿಯೇ ಚಂದಾದಾರಳಾಗಿ ಗಂಟೆಯ ಗುರುತು ಒತ್ತಿದೆ. ಅದರಲ್ಲಿ ಇನ್ನೂ ಒಂದು ವಿಡಿಯೊ ಕೂಡ ಬಂದಿಲ್ಲ.